ನಕ್ಷೆಯಲ್ಲಿ ಇಲ್ಲ ಅನ್ನಬೇಡಿ, ಹಳೇ ನಕ್ಷೆ ತೆಗೆಯಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನಲ್ಲಿ ನೀರಿನ ಬಗ್ಗೆ ಯಾರನ್ನೇ ಕೇಳಿ, ಒಂದೇ ಉತ್ತರ: ‘ಮಳೆ ಇಲ್ಲ ಸ್ವಾಮಿ.’ ಸಭೆಯಲ್ಲಿ ಜನಪ್ರತಿನಿಧಿಗಳು ಹೇಳುವುದೂ ಇದೇ, ಅಧಿಕಾರಿಗಳು ಬರೆಯುವುದೂ ಇದೇ, ಅರಳಿಕಟ್ಟೆ ಮೇಲೆ ಕೂತವರು ನಂಬಿರುವುದೂ ಇದೇ.

ನಾವು ಇದನ್ನು ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಮಳೆ ಜಾಸ್ತಿ ಇದ್ದದ್ದು ಯಾವಾಗ? ಬಯಲುಸೀಮೆ, ಬರದ ಸೀಮೆ ಅನ್ನುವ ಹೆಸರು ನಿನ್ನೆ ಮೊನ್ನೆ ಬಂದದ್ದಲ್ಲ. ಆದರೂ ಇಷ್ಟೇ ಮಳೆಯಲ್ಲಿ, ಕೆರೆ ಒಣಗಿದ ಮೇಲೂ, ನೆಲದೊಳಗಿಂದ ನೀರು ತಾನಾಗಿ ಉಕ್ಕಿ ಗದ್ದೆಗೆ ಹರಿಯುತ್ತಿತ್ತು. ಮೋಟಾರು ಇಲ್ಲ, ಕರೆಂಟು ಇಲ್ಲ, ಬಿಲ್ಲು ಇಲ್ಲ. ಅದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ತಲಪರಿಗೆ.

ಆ ತಲಪರಿಗೆಗಳು ಬತ್ತಿದ್ದಕ್ಕೆ ಮಳೆಯ ಮೇಲೆ ಮಾತ್ರ ತಪ್ಪು ಹೊರಿಸಿದರೆ ಅರ್ಧ ಸುಳ್ಳಾಗುತ್ತದೆ. ನೆಲದ ಮೇಲಿನ ಮರಳನ್ನೂ ನೆಲದ ಒಳಗಿನ ನೀರನ್ನೂ ಲೆಕ್ಕವಿಲ್ಲದೆ ತೆಗೆದಿದ್ದೇವಲ್ಲ, ಅದು ಉಳಿದ ಅರ್ಧ. ಅದನ್ನು ತೋರಿಸುವ ಸಾಕ್ಷಿ ಸರ್ಕಾರದ ಕಪಾಟಿನಲ್ಲೇ ಇದೆ. ಹಳೇ ನಕ್ಷೆ, ಹಳೇ ಪುಸ್ತಕ, ಹಳೇ ಟಿಪ್ಪಣಿ. ಯಾರೂ ಅದನ್ನು ತೆಗೆದು ನೋಡುತ್ತಿಲ್ಲ. ನಮ್ಮ ತಕರಾರು ಅದೇ.

ತಲಪರಿಗೆ ಅಂದರೆ ಏನು?

ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇವೆ. ನಮ್ಮ ಬೆಟ್ಟಗುಡ್ಡದ ಸಾಲು ಇಳಿದು ಬಯಲಾಗುವ ಕಡೆ, ಕೆರೆಯ ಹಿಂದೆ ಮುಂದೆ, ಹಳ್ಳದ ಪಕ್ಕ ಮರಳು ಮಿಶ್ರಿತ ನೆಲ ಇರುತ್ತದೆ. ಕೆಳಗೆ ಗಟ್ಟಿ ಬಂಡೆ. ಮಳೆ ನೀರು ಮರಳಿನೊಳಗೆ ಇಳಿದು, ಬಂಡೆ ತಡೆದಲ್ಲಿ ನಿಂತು, ಇಳಿಜಾರು ಸಿಕ್ಕಲ್ಲಿ ಊಟೆಯಾಗಿ ಹೊರಗೆ ಬರುತ್ತದೆ. ಹಿರಿಯರು ಅಲ್ಲಿ ಗುಂಡಿ ತೋಡಿ, ಅಲ್ಲಿಂದ ಕಾಲುವೆ ತೆಗೆದು ಹೊಲಕ್ಕೆ ಬಿಟ್ಟುಕೊಂಡರು. ಹೂಳು ತುಂಬಿದರೆ ಅಚ್ಚುಕಟ್ಟಿನವರೇ ಸೇರಿ ಎತ್ತಬೇಕು. ಸರದಿ ಪ್ರಕಾರ ನೀರು ಹಂಚಬೇಕು.

ಇದು ಅಜ್ಜಿ ಕಥೆಯಲ್ಲ. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ (1897) ಇದು ದಾಖಲಾಗಿದೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನ ತನಕ ಒಂದು ಗೆರೆ ಎಳೆದರೆ, ಅದರ ಪೂರ್ವಕ್ಕಿರುವ ಗಡಿ ಸೀಮೆಯೆಲ್ಲ ತಲಪರಿಗೆಯ ನಾಡು ಎಂದು ಅವರು ಗುರುತಿಸಿದ್ದಾರೆ. ದಕ್ಷಿಣದ ಭಾಗದಲ್ಲಿ ಮರಳು ನೆಲದಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೇ ಊಟೆ ಸಿಗುತ್ತದೆ, ನೀರು ಮೇಲ್ಮಟ್ಟದ ಹತ್ತಿರಕ್ಕೇ ಬರುತ್ತದೆ. ಪಾವಗಡದಲ್ಲಿ ಮೆತ್ತನೆ ಬಂಡೆ ಕಡಿದ ಮೇಲೆ ನೀರು. ಸಿಕ್ಕ ನೀರನ್ನು ಕಾಲುವೆಯಲ್ಲಿ ಹರಿಸುತ್ತಾರೆ, ಇಲ್ಲವೇ ಕಪಿಲೆ ಬಾವಿ ಕಟ್ಟಿ ಎತ್ತುಗಳಿಂದ ಎತ್ತುತ್ತಾರೆ. ಇವೆಲ್ಲ ಆ ಪುಸ್ತಕದಲ್ಲಿರುವ ವಿವರ.

ಅಂದರೆ ನೂರಿಪ್ಪತ್ತೈದು ವರ್ಷದ ಹಿಂದೆ ಒಬ್ಬ ಅಧಿಕಾರಿಗೆ ಕಂಡದ್ದು ಈಗ ನಮ್ಮ ತಾಲ್ಲೂಕು ಕಚೇರಿಗೆ ಕಾಣುವುದಿಲ್ಲ. ತಲಪರಿಗೆ ಬಗ್ಗೆ ಕೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ‘ದಾಖಲೆಯಲ್ಲಿ ಇಲ್ಲ’.

ಒಂದು ದೂರದ ಊರಿನ ಕಥೆ

ಇಲ್ಲಿ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿ ಲೂಯಿಸಿಯಾನ ಅಂತ ಒಂದು ರಾಜ್ಯ. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಜಾಗ. ಕರಾವಳಿ ತುಂಬ ಜೌಗು ನೆಲ, ಹುಲ್ಲು, ಮೀನು, ಸೀಗಡಿ. ಅದರ ಕೆಳಗೆ ತೈಲ ಮತ್ತು ಅನಿಲ.

ತೈಲ ಕಂಪನಿಗಳು ಜೌಗಿನೊಳಗೆ ಯಂತ್ರ ಸಾಗಿಸಲು, ಪೈಪು ಹಾಕಲು ದಶಕಗಟ್ಟಲೆ ಕಾಲುವೆ ತೋಡಿದವು. ಒಟ್ಟು ಸುಮಾರು 16 ಸಾವಿರ ಕಿಲೋಮೀಟರ್ ಕಾಲುವೆ ಎಂದು ಅಂದಾಜಿದೆ. ಕಾಲುವೆ ಮೂಲಕ ಸಮುದ್ರದ ಉಪ್ಪು ನೀರು ಒಳಗೆ ನುಗ್ಗಿತು. ಸಿಹಿನೀರಿನ ಗಿಡ ಸತ್ತಿತು. ಬೇರು ಹೋದ ಮೇಲೆ ಮಣ್ಣು ನಿಲ್ಲಲಿಲ್ಲ. ನೆಲವೇ ನೀರಾಯಿತು.

ಎಷ್ಟು ನೆಲ? ಅಲ್ಲಿನ ಭೂವಿಜ್ಞಾನ ಇಲಾಖೆ 1932ರಿಂದ 2016ರ ತನಕದ ಹಳೇ ನಕ್ಷೆ, ವಿಮಾನದ ಫೋಟೋ, ಉಪಗ್ರಹ ಚಿತ್ರ ಒಂದರ ಮೇಲೊಂದು ಇಟ್ಟು ಲೆಕ್ಕ ಹಾಕಿತು. ಸುಮಾರು 4,800 ಚದರ ಕಿಲೋಮೀಟರ್ ಹೋಗಿದೆ. ನಮ್ಮ ಇಡೀ ತುಮಕೂರು ಜಿಲ್ಲೆ ಸುಮಾರು 10,600 ಚದರ ಕಿಲೋಮೀಟರ್. ಅದರ ಅರ್ಧಕ್ಕೆ ಹತ್ತಿರ ಜಾಗ ಭೂಪಟದಿಂದ ಅಳಿದುಹೋಯಿತು ಅಂದುಕೊಳ್ಳಿ. ಪ್ಲಾಕ್ಮಿನ್ಸ್ ಅನ್ನುವ ಒಂದೇ ಕಡೆ 30ಕ್ಕೂ ಹೆಚ್ಚು ಹಳ್ಳ, ಕೊಲ್ಲಿಗಳ ಹೆಸರನ್ನು ಸರ್ಕಾರ ತನ್ನ ನಕ್ಷೆಯಿಂದ ತೆಗೆದುಹಾಕಬೇಕಾಯಿತು. ಯಾಕೆಂದರೆ ಆ ಹೆಸರಿನ ಜಾಗವೇ ಉಳಿದಿರಲಿಲ್ಲ.

ಆ ಪ್ಲಾಕ್ಮಿನ್ಸ್‌ನ ಸ್ಥಳೀಯ ಆಡಳಿತ ಸುಮ್ಮನೆ ಕೂರಲಿಲ್ಲ. 2013ರಲ್ಲಿ ಕೋರ್ಟಿಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಜ್ಯೂರಿ ಶೆವ್ರಾನ್ ಕಂಪನಿ ಸುಮಾರು 74 ಕೋಟಿ ಡಾಲರ್ ಕಟ್ಟಬೇಕು ಎಂದಿತು. ನಮ್ಮ ಲೆಕ್ಕದಲ್ಲಿ 6 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕಂಪನಿ ಅದನ್ನು ಒಪ್ಪಿಲ್ಲ. ಕೇಸು ಯಾವ ಕೋರ್ಟಿನಲ್ಲಿ ನಡೆಯಬೇಕು ಅನ್ನುವುದನ್ನೇ ಪ್ರಶ್ನಿಸಿ ಅಲ್ಲಿನ ಸುಪ್ರೀಂ ಕೋರ್ಟಿನ ತನಕ ಹೋಗಿದೆ.

ನಮಗೆ ಇದರಲ್ಲಿ ಮುಖ್ಯವಾದದ್ದು ಡಾಲರ್ ಅಲ್ಲ. ಯಾವ ವರ್ಷ ಎಲ್ಲಿ ನೆಲ ಇತ್ತು, ಯಾವ ವರ್ಷ ಎಲ್ಲಿ ಕಾಲುವೆ ಬಂತು ಅನ್ನುವುದನ್ನು ಹಳೇ ನಕ್ಷೆ ಇಲ್ಲದೆ ಯಾರೂ ಹೇಳಲಾರರು. ನಕ್ಷೆ ಇದ್ದುದರಿಂದ ‘ಸಮುದ್ರ ನುಂಗಿತು’ ಅನ್ನುವ ಒಂದೇ ಉತ್ತರಕ್ಕೆ ಜನ ತಲೆಯಾಡಿಸಿ ಸುಮ್ಮನಾಗಲಿಲ್ಲ. ನಾವು ಮಾತ್ರ ‘ಮಳೆ ಇಲ್ಲ’ ಅನ್ನುವುದಕ್ಕೆ ಇನ್ನೂ ತಲೆಯಾಡಿಸುತ್ತಿದ್ದೇವೆ.

ನಮ್ಮ ತೈಲ ಯಾವುದು?

ನಮ್ಮಲ್ಲಿ ಸಮುದ್ರವೂ ಇಲ್ಲ, ತೈಲ ಬಾವಿಯೂ ಇಲ್ಲ. ಆದರೆ ನೆಲದಿಂದ ತೆಗೆದು ಮಾರುವ ಸರಕು ನಮ್ಮಲ್ಲೂ ಇದೆ. ಒಂದು ಮರಳು, ಇನ್ನೊಂದು ನೀರು.

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಪಿನಾಕಿನಿ ಸೇರುವ ಜಯಮಂಗಲಿಯನ್ನು ನೋಡಿ. ಪಾವಗಡದ ನಾಗಲಮಡಿಕೆ ಕಡೆ ಬರುವ ಉತ್ತರ ಪಿನಾಕಿನಿಯನ್ನು ನೋಡಿ. ಇವು ವರ್ಷಪೂರ್ತಿ ಹರಿಯುವ ನದಿಗಳಲ್ಲ, ನಿಜ. ಮೇಲೆ ನೀರು ಕಾಣದಿದ್ದರೂ ಕೆಳಗೆ ಮರಳಿನಲ್ಲಿ ನೀರು ಹರಿಯುವ ನದಿಗಳು ಇವು. ಮರಳು ಅಂದರೆ ನಮ್ಮ ನೀರಿನ ಟ್ಯಾಂಕು. ಮುಚ್ಚಳವಿಲ್ಲದ ಟ್ಯಾಂಕಿಯ ನೀರು ಬಿಸಿಲಿಗೆ ಆರುತ್ತದೆ, ಮರಳಿನೊಳಗಿನ ನೀರು ಅಷ್ಟು ಬೇಗ ಆರುವುದಿಲ್ಲ.

ಬೆಂಗಳೂರಿಗೆ ಕಟ್ಟಡ ಬೇಕಾಯಿತು. ಲಾರಿ, ಟ್ರ್ಯಾಕ್ಟರು ರಾತ್ರಿಯೆಲ್ಲ ಓಡಿದವು. ಮರಳು ಹೋದ ಮೇಲೆ ಜೇಡಿ, ಬಂಡೆ ಉಳಿಯಿತು. ಮಳೆ ಬಂದರೆ ನೀರು ನಿಲ್ಲದೆ ಓಡಿಹೋಗುತ್ತದೆ. ನದಿಯ ತಳ ಎಷ್ಟು ಕೆಳಗಿಳಿಯಿತೋ ಪಕ್ಕದ ಬಾವಿಯ ನೀರೂ ಅಷ್ಟೇ ಕೆಳಗಿಳಿಯುತ್ತದೆ. ನದಿಯ ಮರಳು ಮುಗಿದ ಮೇಲೆ ಕೆರೆಯಂಗಳದ ಮಣ್ಣು ತೊಳೆದು ಫಿಲ್ಟರ್ ಮರಳು ಮಾಡುವ ದಂಧೆ ಬಂತು. ಅಂದರೆ ಟ್ಯಾಂಕಿಯ ನೀರು ಮಾರಿದ್ದಾಯಿತು, ಟ್ಯಾಂಕಿಯ ಗೋಡೆಯನ್ನೂ ಕಿತ್ತು ಮಾರಿದ್ದಾಯಿತು.

ಇನ್ನೊಂದು ಕಡೆ ಕೊಳವೆಬಾವಿ. ತಲಪರಿಗೆಯ ಕಣ್ಣು ಮೇಲ್ಮಟ್ಟದಲ್ಲಿ ಇರುತ್ತದೆ. ಕೆಳಗಿನ ನೀರಿನ ಮಟ್ಟ ಆ ಕಣ್ಣಿಗಿಂತ ಒಂದು ಅಡಿ ಕೆಳಗಿಳಿದರೂ ಸಾಕು, ಊಟೆ ನಿಲ್ಲುತ್ತದೆ. ನಾವು ಇಳಿಸಿರುವುದು ಒಂದು ಅಡಿ ಅಲ್ಲ, ನೂರಾರು ಅಡಿ. ಆಳಕ್ಕೆ ಹೋದಷ್ಟೂ ಪಾವಗಡದಂಥ ಕಡೆ ಫ್ಲೋರೈಡ್ ನೀರು. ಮೇಲೆ ಉಚಿತವಾಗಿ ಹರಿಯುತ್ತಿದ್ದ ಸಿಹಿ ನೀರು ಬಿಟ್ಟು, ಈಗ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತಿದ್ದೇವೆ.

ಉಪಗ್ರಹಕ್ಕೆ ಕಾಣದ ನೀರು

‘ಈಗ ಎಲ್ಲ ಸ್ಯಾಟಲೈಟ್ ಬಂದಿದೆ, ಹಳೇ ನಕ್ಷೆ ಯಾಕೆ?’ ಅನ್ನುತ್ತಾರೆ. ಕೇಳಿ.

ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ದೇಶದ ಜೌಗು ಪ್ರದೇಶಗಳ ಅಟ್ಲಾಸ್ ಮಾಡಿದೆ. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ 2.25 ಹೆಕ್ಟೇರಿಗಿಂತ, ಅಂದರೆ ಸುಮಾರು ಐದೂವರೆ ಎಕರೆಗಿಂತ ಚಿಕ್ಕದಾದ ಜಾಗಕ್ಕೆ ಬರೀ ಒಂದು ಚುಕ್ಕೆ. ನಮ್ಮ ತಲಪರಿಗೆ ಇರುವುದೇ ಗುಂಟೆ ಲೆಕ್ಕದಲ್ಲಿ. ಮೇಲಿಂದ ನೋಡಿದರೆ ಅದು ಒಂದು ಪೊದೆ, ಇಲ್ಲವೇ ಹೊಲದ ಮೂಲೆ. ಚುಕ್ಕೆಯ ಭಾಗ್ಯವೂ ಸಿಗುವುದು ಕಷ್ಟ.

ಕಾನೂನು ಇನ್ನೂ ಚೆನ್ನಾಗಿದೆ. 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ ನದಿ ಪಾತ್ರ ಜೌಗು ಪ್ರದೇಶವಲ್ಲ. ಕುಡಿಯುವ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಯೂ ಅಲ್ಲ. ನಮ್ಮ ಸೀಮೆಯ ನೀರೆಲ್ಲ ಇರುವುದು ಈ ಎರಡರಲ್ಲೇ. ಉಪಗ್ರಹಕ್ಕೆ ಕಾಣದ್ದು, ಕಾನೂನಿಗೆ ಸಿಗದ್ದು ಉಳಿಯುವುದು ಊರಿನ ನೆನಪಿನಲ್ಲಿ ಮತ್ತು ಕಂದಾಯ ಇಲಾಖೆಯ ಹಳೇ ನಕ್ಷೆಯಲ್ಲಿ ಮಾತ್ರ.

ಒಂದು ಹೋಲಿಕೆ ಕೊಡುತ್ತೇವೆ. ದೇವರಾಯನದುರ್ಗದ ಹತ್ತಿರ ನಾಮದ ಚಿಲುಮೆ ಇದೆ. ಅದೂ ಬಂಡೆಯೊಳಗಿನ ಊಟೆಯೇ. ರಾಮ ಬಾಣ ಬಿಟ್ಟ ಕಥೆ ಅದಕ್ಕಿದೆ, ಸುತ್ತ ಕಾಡಿದೆ, ನೋಡಲು ಬಸ್ಸಿನಲ್ಲಿ ಜನ ಬರುತ್ತಾರೆ. ಸಂತೋಷ. ಆದರೆ ಹತ್ತು ಮನೆಯ ಹೊಲಕ್ಕೆ ನೀರು ಕೊಟ್ಟ ತಲಪರಿಗೆಗೆ ರಾಮನ ಕಥೆ ಇಲ್ಲ. ಬೋರ್ಡೂ ಇಲ್ಲ, ಬೇಲಿಯೂ ಇಲ್ಲ. ದೇವರ ಹೆಸರು ಇದ್ದರೆ ಉಳಿಯುತ್ತದೆ, ರೈತನ ಹೆಸರು ಇದ್ದರೆ ಜೆಸಿಬಿ ಬರುತ್ತದೆ. ಇದು ಯಾವ ನ್ಯಾಯ?

ಅವರು ಹೇಳುವ ನಾಲ್ಕು ಮಾತು

‘ಮನೆ ಕಟ್ಟಲು ಮರಳು ಬೇಡವೇ?’ ಬೇಕು. ಮರಳೇ ತೆಗೆಯಬೇಡಿ ಅಂತ ನಾವು ಹೇಳುತ್ತಿಲ್ಲ. ಎಷ್ಟು ಬರುತ್ತದೋ ನೋಡಿ ಅಷ್ಟು ತೆಗೆಯಿರಿ ಅನ್ನುತ್ತೇವೆ. ಇದು ನಮ್ಮ ಮಾತು ಮಾತ್ರವಲ್ಲ. ಸಣ್ಣ ಜಾಗದ ಮರಳಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮರಳು ಮತ್ತೆ ಎಷ್ಟು ತುಂಬಿಕೊಳ್ಳುತ್ತದೆ ಎಂಬ ಅಧ್ಯಯನ ಇಲ್ಲದ ಜಿಲ್ಲಾ ವರದಿ ಇಟ್ಟುಕೊಂಡು ಅನುಮತಿ ಕೊಡುವಂತಿಲ್ಲ ಎಂದು 2025ರ ಆಗಸ್ಟ್‌ನಲ್ಲಿ ಮತ್ತೆ ಹೇಳಿದೆ. ಹತ್ತಾರು ವರ್ಷಕ್ಕೊಮ್ಮೆ ಜೋರಾಗಿ ಬರುವ ನದಿಯಲ್ಲಿ ಮರಳು ಎಷ್ಟು ತುಂಬೀತು? ಲೆಕ್ಕ ಮೊದಲು, ಲಾರಿ ಆಮೇಲೆ.

‘ಬೋರ್‌ವೆಲ್ ಇಲ್ಲದಿದ್ದರೆ ರೈತ ಬದುಕುತ್ತಿರಲಿಲ್ಲ.’ ನಿಜ. ಎಷ್ಟೋ ಮನೆಯ ಮಕ್ಕಳು ಓದಿದ್ದು ಬೋರ್‌ವೆಲ್ ನೀರಿನ ಅಡಿಕೆ, ಕಡಲೆಕಾಯಿಯಿಂದ. ಆದರೆ ಅದೇ ಬೋರ್‌ವೆಲ್ ಒಂದಾದ ಮೇಲೊಂದು ಫೇಲಾಗಿ ಸಾಲಕ್ಕೆ ಬಿದ್ದ ಮನೆಗಳೂ ಇಲ್ಲೇ ಇವೆ. ಇರುವ ಬೋರ್‌ವೆಲ್ ಬದುಕಬೇಕಾದರೂ ಮೇಲಿನ ಮರಳು ಪದರ, ಊಟೆಯ ಜಾಗ ಉಳಿಯಲೇಬೇಕು. ಅದು ಸತ್ತರೆ ಬೋರ್‌ವೆಲ್‌ಗೆ ನೀರು ಇಳಿಯುವುದು ಎಲ್ಲಿಂದ?

‘ಕಾರಣ ಒಂದೇ ಅಲ್ಲವಲ್ಲ, ಮಳೆಯೂ ಇದೆ, ಹೂಳೂ ಇದೆ.’ ಹೌದು. ಲೂಯಿಸಿಯಾನದಲ್ಲೂ ಕಂಪನಿಗಳು ಹೇಳಿದ್ದು ಇದನ್ನೇ. ನದಿಗೆ ಸರ್ಕಾರ ಒಡ್ಡು ಕಟ್ಟಿದ್ದರಿಂದ ಹೊಸ ಮಣ್ಣು ಬರುತ್ತಿಲ್ಲ, ಅದಕ್ಕೇ ನೆಲ ಹೋಯಿತು ಅಂದರು. ಅದೂ ನಿಜವೇ. ಆದರೆ ಮನೆಗೆ ಇಬ್ಬರು ಕಳ್ಳರು ನುಗ್ಗಿದರೆ ಒಬ್ಬನ ಹೆಸರು ಹೇಳಿ ಇನ್ನೊಬ್ಬನನ್ನು ಬಿಡುತ್ತೇವೆಯೇ?

‘ಹೊರಗಿನಿಂದ ನೀರು ತರುತ್ತಿದ್ದೇವಲ್ಲ.’ ತನ್ನಿ, ಬೇಡ ಅನ್ನುವವರು ಯಾರು? ಹೇಮಾವತಿ ಬರಲಿ, ಭದ್ರಾ ಮೇಲ್ದಂಡೆ ಬರಲಿ, ತುಂಗಭದ್ರೆಯೂ ಬರಲಿ. ಎತ್ತಿನಹೊಳೆ ಯೋಜನೆಯ ಅಂದಾಜು 23 ಸಾವಿರ ಕೋಟಿ ದಾಟಿದೆ. ಅಷ್ಟು ದೂರದ ನೀರಿಗೆ ಇಷ್ಟು ನಕ್ಷೆ, ಇಷ್ಟು ಸರ್ವೆ, ಇಷ್ಟು ಡ್ರೋನ್. ಕಾಲಕೆಳಗಿನ ಊಟೆಗೆ ಒಂದು ಹಾಳೆ ನಕ್ಷೆ ಇಲ್ಲ. ಬರುವ ನೀರನ್ನು ಹಿಡಿದಿಟ್ಟುಕೊಳ್ಳುವುದಕ್ಕೂ ಮರಳು ಬೇಕು ಸ್ವಾಮಿ. ತೂತು ಮಡಕೆಗೆ ಗಂಗೆ ತಂದು ಸುರಿದರೂ ನಿಲ್ಲುವುದಿಲ್ಲ.

ಹಳೇ ನಕ್ಷೆ ಓದುವುದು ಹೇಗೆ?

ಸಿಟ್ಟು ಇಷ್ಟು ಸಾಕು. ಕೆಲಸದ ಮಾತಿಗೆ ಬರೋಣ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅದರಿಂದ ಬಂದ ಗ್ರಾಮ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್ ಇವತ್ತಿಗೂ ನಮ್ಮ ಜಮೀನಿನ ಆಧಾರ. ಗ್ರಾಮ ನಕ್ಷೆಯನ್ನು ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲೇ ಇಳಿಸಿಕೊಳ್ಳಬಹುದು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಗಳೂ ಇವೆ: ಮಧುಗಿರಿ ಪಟ್ಟಣದ ಸುತ್ತಮುತ್ತ 57 ಜಿ, ಪಾವಗಡಕ್ಕೆ 57 ಎಫ್, ಶಿರಾಕ್ಕೆ 57 ಸಿ. ಆ ಹಾಳೆಗಳಲ್ಲಿ ನೀರಿರುವ ಹಳ್ಳ ನೀಲಿ, ಒಣ ಹಳ್ಳ ಕಪ್ಪು. ಹಳೇ ಮುದ್ರಣ, ಹೊಸ ಮುದ್ರಣ ಪಕ್ಕಪಕ್ಕ ಇಟ್ಟು ನೀಲಿ ಎಲ್ಲಿ ಕಪ್ಪಾಗಿದೆ ನೋಡಿ.

ಗ್ರಾಮ ನಕ್ಷೆಯಲ್ಲಿ ‘ತಲಪರಿಗೆ’ ಅಂತ ಬರೆದೇ ಇರಬೇಕು ಅಂತಿಲ್ಲ. ಕಾಲುವೆಯ ಗೆರೆ ಹಿಡಿದು ಹೋಗಿ. ಕೆರೆಯ ತೂಬಿನಿಂದ ಹೊರಟಿದ್ದರೆ ಅದು ಕೆರೆ ಕಾಲುವೆ. ತೂಬೂ ಇಲ್ಲ, ಕೆರೆಯೂ ಇಲ್ಲ, ಬಯಲಿನ ಮಧ್ಯದಿಂದ ಒಂದು ಕಾಲುವೆ ಹೊರಟಿದೆ ಅಂದರೆ ಅಲ್ಲಿ ನಿಲ್ಲಿ. ಆ ತುದಿಯಲ್ಲಿ ಒಂದು ಕಾಲಕ್ಕೆ ನೀರು ಹುಟ್ಟುತ್ತಿದ್ದಿರಬೇಕು. ಅಲ್ಲಿ ಎರಡು ಮೂರು ಗುಂಟೆ ಖರಾಬು ಇದೆಯಾ ನೋಡಿ. ಇದ್ದರೆ ಅದು ‘ಬಿ’ ಖರಾಬಾ ಕೇಳಿ. ‘ಬಿ’ ಖರಾಬು ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ, ಯಾರೊಬ್ಬರ ಸ್ವತ್ತೂ ಅಲ್ಲ. ಹಳ್ಳ, ನದಿ, ಕೆರೆ, ಕಾಲುವೆ ಸರ್ಕಾರದ್ದು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಹೇಳುತ್ತದೆ. ಊರಿನ ಗುಂಡಿ, ಕುಂಟೆ, ಗೋಮಾಳದಂಥ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿ ಊರಿಗೆ ಬಿಟ್ಟುಕೊಡಬೇಕು ಎಂದು 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ಆಮೇಲೆ ಊರಿನ ಹಿರಿಯರನ್ನು, ನೀರಗಂಟಿ ಮನೆಯವರನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಿ. ಹೆಸರು ಕೇಳಿ, ಯಾವ ವರ್ಷದ ತನಕ ನೀರಿತ್ತು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ತಲಪರಿಗೆಗಳನ್ನು ಹುಡುಕಿ ದಾಖಲಿಸಿದ ಮಲ್ಲಿಕಾರ್ಜುನ ಹೊಸಪಾಳ್ಯ ಅವರಂಥವರು ದಾರಿ ತೋರಿಸಿದ್ದಾರೆ. ಆದರೆ ಪ್ರತಿ ಊರಿಗೂ ಒಬ್ಬ ಸಂಶೋಧಕ ಬರಲಾರ. ಎಂಬತ್ತು ದಾಟಿದವರು ಇನ್ನು ಎಷ್ಟು ವರ್ಷ ಇರುತ್ತಾರೆ? ಅವರ ಜೊತೆ ಆ ಹೆಸರುಗಳೂ ಹೋಗುತ್ತವೆ. ಪ್ಲಾಕ್ಮಿನ್ಸ್‌ನಲ್ಲಿ ಕೊನೇಪಕ್ಷ ಹೆಸರು ಅಳಿಸಲು ನಕ್ಷೆಯಲ್ಲಿ ಹೆಸರಿತ್ತು. ನಮ್ಮಲ್ಲಿ ಬರೆಯುವ ಮೊದಲೇ ಅಳಿಸಿಹೋಗುತ್ತಿದೆ.

ನಾವು ಕೇಳುವುದು ಇಷ್ಟೇ

ಒಂದು: ನಾಲ್ಕು ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಮತ್ತು ಜೀವವೈವಿಧ್ಯ ದಾಖಲಾತಿಯಲ್ಲಿ ತಲಪರಿಗೆಗಳ ಪಟ್ಟಿ ಸರ್ವೆ ನಂಬರ್ ಸಮೇತ ಸೇರಬೇಕು. ಬತ್ತಿದ್ದನ್ನೂ ಸೇರಿಸಬೇಕು. ಬತ್ತಿದ್ದು ಅಂದರೆ ಸತ್ತದ್ದು ಅಂತಲ್ಲ.

ಎರಡು: ಮರಳು ಬ್ಲಾಕ್ ಗುರುತಿಸುವ ಮೊದಲು, ಕೆರೆ ಮಣ್ಣು ತೆಗೆಯಲು ಅನುಮತಿ ಕೊಡುವ ಮೊದಲು ಆ ಜಾಗದ ಹಳೇ ನಕ್ಷೆ, ಹೊಸ ನಕ್ಷೆ ಒಂದರ ಮೇಲೊಂದು ಇಟ್ಟು ಗ್ರಾಮಸಭೆಗೆ ತೋರಿಸಬೇಕು. ಜಿಲ್ಲಾ ಮರಳು ಸಮಿತಿಯ ಸಭೆಯಲ್ಲಿ ಮಾತ್ರ ತೋರಿಸಿದರೆ ಸಾಲದು.

ಮೂರು: ತಲಪರಿಗೆಯ ಹೂಳೆತ್ತುವುದು, ಕಾಲುವೆ ಬಿಡಿಸುವುದು ಉದ್ಯೋಗ ಖಾತ್ರಿಯಲ್ಲಿ ಮೊದಲ ಸಾಲಿನ ಕೆಲಸವಾಗಬೇಕು. ಕೂಲಿಯೂ ಊರಿಗೆ, ನೀರೂ ಊರಿಗೆ.

ನಾಲ್ಕು: ‘ದಾಖಲೆಯಲ್ಲಿ ಇಲ್ಲ’ ಅನ್ನುವ ಉತ್ತರವನ್ನು ಬಾಯಿಮಾತಿನಲ್ಲಿ ಕೊಡಬಾರದು. ಯಾವ ದಾಖಲೆ, ಯಾವ ವರ್ಷದ್ದು, ಯಾರು ನೋಡಿದರು ಅಂತ ಬರೆದು ಸಹಿ ಹಾಕಿ ಕೊಡಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಟಿಪ್ಪಣಿಯ ನಕಲು ಕೇಳುವುದನ್ನು ಮರೆಯಬೇಡಿ.

ಜಮೀನಿನ ಬದು ಒಂದು ಅಡಿ ಆಚೆ ಈಚೆ ಆದರೆ ಸರ್ವೆಯರ್ ಕರೆಸಿ, ಚೈನು ಹಿಡಿಸಿ, ಕೋರ್ಟಿಗೆ ಹೋಗುವ ಜನ ನಾವು. ನಮ್ಮ ಸ್ವಂತ ಹೊಲಕ್ಕೆ ಹಳೇ ನಕ್ಷೆ ಬೇಕು, ಊರಿನ ನೀರಿಗೆ ಬೇಡವೇ? ಅಣ್ಣತಮ್ಮಂದಿರ ಮೇಲೆ ತೋರಿಸುವ ಆ ಹಟವನ್ನು ಒಂದು ಸಲ ಊರಿನ ತಲಪರಿಗೆಗಾಗಿ ತೋರಿಸೋಣ. ಮುಂದಿನ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಊರಿನ ನಕ್ಷೆಯನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಹೋಗಿ. ‘ಮಳೆ ಇಲ್ಲ’ ಅಂತ ಯಾರಾದರೂ ಮೈಕು ಹಿಡಿದರೆ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ‘ಸರಿ ಸ್ವಾಮಿ, ಈ ಕಾಲುವೆ ಶುರುವಾಗುವ ಜಾಗದಲ್ಲಿ ಏನಿತ್ತು?’